ಊರ ದೇವರ ಫೋಟೋ ನಮ್ಮಲ್ಲಿದೆಯೇ?



ಈಚೆಗೆ ಅಲ್ ಮುರಕ್ಕಬಾತ್‌ನ ಮನೆಯೊಂದರಲ್ಲಿ ಭಜನೆ ಮುಗಿದ ಮೇಲೆ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಒಂದು ವಸ್ತುಸಂಗ್ರಹಾಲಯ ತೋರಿಸಿದೆವು. ಯುನೆಸ್ಕೋ ಸಂಸ್ಥೆ 2025ರ ಸೆಪ್ಟೆಂಬರ್ 29ರಂದು ಆರಂಭಿಸಿದ ಇದಕ್ಕೆ ಕಟ್ಟಡವಿಲ್ಲ, ಇರುವುದು ಅಂತರ್ಜಾಲದಲ್ಲಷ್ಟೇ. ಅಲ್ಲಿರುವುದೆಲ್ಲ ಕಳುವಾದ ವಸ್ತುಗಳ ಚಿತ್ರ. ಆರಂಭದಲ್ಲಿ 46 ದೇಶಗಳ ಸುಮಾರು 240 ವಸ್ತುಗಳಿದ್ದವು. ಛತ್ತೀಸಗಢದ ಪಾಲಿ ಎಂಬಲ್ಲಿನ ಮಹಾದೇವ ದೇವಾಲಯದ ನಟರಾಜ ಮತ್ತು ಬ್ರಹ್ಮನ ಶಿಲ್ಪಗಳೂ ಅದರಲ್ಲಿ ಸೇರಿದ್ದವು. ಕಳುವಾದದ್ದು ಒಂದೊಂದಾಗಿ ಮರಳಿ, ಸಂಗ್ರಹಾಲಯವೇ ಖಾಲಿಯಾಗಲಿ ಎಂಬುದು ಅದನ್ನು ಕಟ್ಟಿದವರ ಆಸೆ.

"ನಮ್ಮೂರಿನ ದೇವರು ಇದರಲ್ಲಿ ಯಾಕಿಲ್ಲ?" ಎಂದು ಒಬ್ಬ ಹುಡುಗ ಕೇಳಿದ. ಅವನ ಅಜ್ಜನ ಊರಿನ ದೇವಸ್ಥಾನದ ಬಲಿಮೂರ್ತಿ ಕಳುವಾಗಿ ವರ್ಷಗಳಾದವು. ದೂರು ಕೊಡಲು ಹೋದಾಗ ಫೋಟೋ ಕೇಳಿದರು. ಸಿಕ್ಕಿದ್ದು ಉತ್ಸವದ ದಿನದ್ದೊಂದೇ; ಹೂವಿನ ರಾಶಿಯಲ್ಲಿ ಮುಖವೂ ಸರಿಯಾಗಿ ಕಾಣದು. ಎತ್ತರ ಎಷ್ಟೆಂದರೆ ಒಬ್ಬರು ಒಂದು ಮೊಳ ಎಂದರು, ಇನ್ನೊಬ್ಬರು ಒಂದು ಗೇಣು ಎಂದರು. ಮೂರ್ತಿ ಇಂದಿಗೂ ಸಿಕ್ಕಿಲ್ಲ.

ಫೋಟೋ ಇದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಶ್ರೀಪುರಂದಾನ್ ಊರಿನ ನಟರಾಜನೇ ಸಾಕ್ಷಿ. ಆ ಕಂಚಿನ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರಿಗೆ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ದೇವಸ್ಥಾನದಲ್ಲೇ ತೆಗೆದಿಟ್ಟಿದ್ದ ಛಾಯಾಚಿತ್ರಕ್ಕೆ ಅದು ಹೊಂದಿತು. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ತಂದು ಒಪ್ಪಿಸಿದರು.

ಆದ್ದರಿಂದ ರಜೆಯಲ್ಲಿ ಊರಿಗೆ ಹೋಗುವವರಲ್ಲಿ ನಮ್ಮದೊಂದು ವಿನಂತಿ. ಗರ್ಭಗುಡಿಯಲ್ಲಿ ಕ್ಯಾಮರಾ ಹಿಡಿಯುವುದು ಸಂಪ್ರದಾಯವಲ್ಲ, ಒಪ್ಪುತ್ತೇವೆ. ಮೊದಲು ಮೊಕ್ತೇಸರರ ಜೊತೆ ಮಾತಾಡಿ. ಅಭಿಷೇಕ ಮುಗಿದು ಅಲಂಕಾರ ಆಗುವ ಮೊದಲು ಅರ್ಚಕರೇ ತೆಗೆದುಕೊಟ್ಟರೂ ಆಯಿತು. ಎದುರಿನದು ಮಾತ್ರ ಸಾಲದು. ಹಿಂಬದಿ, ಪೀಠ, ಪ್ರಭಾವಳಿ, ಮುಖ್ಯವಾಗಿ ಮುಕ್ಕಾದ ಬೆರಳು, ಹಳೆಯ ಬೆಸುಗೆ, ಕೆತ್ತಿದ ಅಕ್ಷರ ಇವೆಲ್ಲ ಬೇಕು. ಕುಂದು ಎಂದು ನಾವು ಮುಚ್ಚಿಡುವ ಗುರುತೇ ಮೂರ್ತಿಯನ್ನು ಪತ್ತೆ ಹಚ್ಚುವುದು! ಎತ್ತರ, ಅಗಲಗಳನ್ನು ಟೇಪ್ ಹಿಡಿದು ಸೆಂಟಿಮೀಟರಿನಲ್ಲಿ ಬರೆದಿಡಿ. 100 ವರ್ಷ ದಾಟಿದ ವಿಗ್ರಹಗಳ ನೋಂದಣಿಗೆ 1972ರ ಕಾಯಿದೆಯಿದೆ. ಅದಕ್ಕೂ ಫೋಟೋ ಬೇಕು. ಒಂದು ಪ್ರತಿ ಆಡಳಿತ ಮಂಡಳಿಯಲ್ಲಿ, ಇನ್ನೊಂದು ಊರಿನ ಹೊರಗೆ ನಂಬಿಕಸ್ಥರಲ್ಲಿ ಇರಲಿ. ವಾಟ್ಸಾಪಿನಲ್ಲಿ ಮಾತ್ರ ಹಂಚಬೇಡಿ. ಕಳ್ಳರ ಕೈಯಲ್ಲೂ ಫೋನ್ ಇದೆ.

ಆ ಹುಡುಗನ ಊರಿನಲ್ಲಿ ಈಗ ಹೊಸ ಮೂರ್ತಿಯಿದೆ. ಅದರ ಅಳತೆಯನ್ನು ಅಜ್ಜ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆಸಿದ್ದಾರಂತೆ.