ಮಗಳು ಸಂಗೀತದಲ್ಲೇ ಡಿಗ್ರಿ ಮಾಡುತ್ತೇನೆ ಎಂದರೆ

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಈ ಪ್ರಶ್ನೆ ಶುರುವಾಗುತ್ತದೆ. “ಸಂಗೀತ ಕಲಿಯಲಿ, ನಾವೇನು ಬೇಡ ಅನ್ನಲ್ಲ. ಆದರೆ ಡಿಗ್ರೀನೂ ಅದರಲ್ಲೇ ಆಗಬೇಕಾ? ಬಿ.ಕಾಂ. ಮಾಡಿಕೊಂಡು ಜೊತೆಗೆ ಹಾಡಿಕೊಂಡಿರಬಹುದಲ್ಲ?” ಹೀಗೆ ಕೇಳುವ ತಂದೆತಾಯಿ ಸಂಗೀತದ ವಿರೋಧಿಗಳಲ್ಲ. ಹತ್ತು ವರ್ಷ ಪಾಠಕ್ಕೆ ಕರೆದುಕೊಂಡು ಹೋಗಿ, ಹೊರಗಿನ ಜಗಲಿಯಲ್ಲಿ ಕೂತು ಕಾದವರೇ ಅವರು. ಅವರ ಆತಂಕಕ್ಕೆ ಸಮಾಧಾನದ ಉತ್ತರ ಸಿಗಬೇಕು.

ಬಿ.ಕಾಂ. ಮಾಡಿಕೊಂಡು ಹಾಡಬಹುದು. ಹಾಗೆ ಬೆಳೆದ ಒಳ್ಳೆಯ ಕಲಾವಿದರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಂಗೀತದ ಪದವಿಯಿಂದ ಸಿಗುವುದು ಬೇರೆಯೇ ಒಂದು ಅನುಕೂಲ. ಹದಿನೆಂಟರಿಂದ ಇಪ್ಪತ್ತೊಂದರವರೆಗೆ, ಕಂಠವೂ ಬುದ್ಧಿಯೂ ಒಟ್ಟಿಗೆ ಬಲಿಯುವ ವಯಸ್ಸಿನಲ್ಲಿ, ದಿನದ ಹಗಲು ಹೊತ್ತು ಪೂರ್ತಿ ಸಂಗೀತಕ್ಕೇ ಮೀಸಲಾಗುತ್ತದೆ. ಶಾಸ್ತ್ರ ಓದಲು, ಬೇರೆ ಬಾನಿಯವರ ಹಾಡಿಕೆ ಕೇಳಲು, ಓರಗೆಯವರ ಜೊತೆ ಕೂತು ತಪ್ಪು ಮಾಡಿ ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ಪದವಿ ಯಾರನ್ನೂ ಹಾಡುಗಾರರನ್ನಾಗಿ ಮಾಡುವುದಿಲ್ಲ, ಅದು ಗುರುವಿನ ಪಾಠ ಮತ್ತು ಮನೆಯ ಸಾಧನೆಯಿಂದ ಆಗುವ ಕೆಲಸ. ಕಾಲೇಜಿಗೆ ಸೇರಿಸಿದೆವು, ಇನ್ನು ಗುರುಗಳ ಮನೆಯ ಪಾಠ ನಿಲ್ಲಿಸಬಹುದು ಎಂದುಕೊಂಡ ಮನೆಗಳಲ್ಲೇ ಮೂರು ವರ್ಷದ ನಂತರ ನಿರಾಸೆ ಕಾಣುತ್ತದೆ.

ಕೋರ್ಸುಗಳ ಹೆಸರಲ್ಲಿ ಗೊಂದಲವಾಗುತ್ತದೆ, ಅದನ್ನು ಮೊದಲು ತಿಳಿಮಾಡಿಕೊಳ್ಳೋಣ. ಬಿ.ಎ.ಯಲ್ಲಿ ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ, ಇತಿಹಾಸವೋ ಕನ್ನಡವೋ ಮನಃಶಾಸ್ತ್ರವೋ ಇರುವ ಹಾಗೆ ತೆಗೆದುಕೊಳ್ಳುವುದು ಒಂದು ದಾರಿ. ಬಿ.ಪಿ.ಎ. ಅಥವಾ ಬಿ.ಮ್ಯೂಸಿಕ್ ಎಂದು ಸಂಗೀತವನ್ನೇ ಮುಖ್ಯವಾಗಿ ಓದುವುದು ಇನ್ನೊಂದು. ಮೊದಲನೆಯದರಲ್ಲಿ ವಾರಕ್ಕೆ ಸಿಗುವ ಸಂಗೀತದ ತರಗತಿ ಕಡಿಮೆ, ಮುಂದಿನ ದಾರಿಗಳು ಹೆಚ್ಚು ತೆರೆದಿರುತ್ತವೆ. ಎರಡನೆಯದು ಆಳ. ಅಡಿಪಾಯ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ, ಅದರಲ್ಲಿ ಸಣ್ಣತನವೇನೂ ಇಲ್ಲ.

ಅಡಿಪಾಯ ಎಂದರೆ ಎಷ್ಟು? ಕರ್ನಾಟಕ ಸಂಗೀತದಲ್ಲಾದರೆ ಸರಳೆ, ಜಂಟಿ, ಅಲಂಕಾರಗಳು ಮೂರು ಕಾಲದಲ್ಲಿ ತಡವರಿಸದೆ ಬರಬೇಕು, ಕೆಲವು ವರ್ಣಗಳು ಎರಡು ಕಾಲದಲ್ಲಿ ನಿಲ್ಲಬೇಕು, ಒಂದಷ್ಟು ಕೃತಿಗಳು ಕಂಠಸ್ಥವಾಗಿರಬೇಕು, ಪರಿಚಯದ ರಾಗ ಕಿವಿಗೆ ಬಿದ್ದರೆ ಗುರುತು ಸಿಗಬೇಕು. ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಸಾಮಾನ್ಯವಾಗಿ ಇಷ್ಟು ಬಂದಿರುತ್ತದೆ. ಹಿಂದೂಸ್ತಾನಿಯಲ್ಲಿ ಹತ್ತು ಥಾಟುಗಳ ಮುಖ್ಯ ರಾಗಗಳಲ್ಲಿ ಛೋಟಾ ಖ್ಯಾಲ್, ಕೆಲವು ರಾಗಗಳಲ್ಲಿ ವಿಲಂಬಿತ್ ಏಕತಾಲದಲ್ಲಿ ಬಡಾ ಖ್ಯಾಲ್ ಹಾಡುವ ಅಭ್ಯಾಸ ಇದ್ದರೆ ತರಗತಿಯ ಜೊತೆ ಹೆಜ್ಜೆ ಹಾಕಬಹುದು. ರಿಯಾಲಿಟಿ ಷೋದಲ್ಲಿ ಚೆನ್ನಾಗಿ ಹಾಡಿದ್ದಾಳೆ ಎಂಬುದು ಕಂಠ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ. ಲಯ ಎಷ್ಟು ಗಟ್ಟಿ ಎಂಬುದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ತರಗತಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಪೋಷಕರಿಗೆ ಗೊತ್ತಾದರೆ ಅರ್ಧ ಅಳುಕು ಹೋಗುತ್ತದೆ. ಭೈರವಿ ರಾಗದ ಅಟ ತಾಳ ವರ್ಣವನ್ನೇ ತೆಗೆದುಕೊಳ್ಳಿ, ಪಚ್ಚಿಮಿರಿಯಂ ಆದಿಯಪ್ಪಯ್ಯನವರದು. ಹದಿನಾಲ್ಕು ಅಕ್ಷರದ ತಾಳ. ಐದರ ಲಘು ಎರಡು ಸಲ, ಅಂದರೆ ಒಂದು ತಟ್ಟು, ನಾಲ್ಕು ಬೆರಳೆಣಿಕೆ. ಆಮೇಲೆ ಎರಡು ದ್ರುತ, ತಟ್ಟಿ ಬೀಸುವುದು. ಮೊದಲ ಕಾಲದಲ್ಲಿ ಎಲ್ಲರೂ ಹಾಡುತ್ತಾರೆ. ಎರಡನೆಯ ಕಾಲಕ್ಕೆ ಹೋದಾಗ ಕೆಲವರ ಬೆರಳು ತಡವರಿಸುತ್ತದೆ. ಮೂರನೆಯ ಕಾಲಕ್ಕೆ ಬಂದರೆ ಬಾಯಿ ಓಡುವ ವೇಗಕ್ಕೆ ಕೈಯೂ ಓಡಲು ತೊಡಗುತ್ತದೆ. ಹಾಡು ಎಷ್ಟೇ ವೇಗವಾದರೂ ಕೈ ಮಾತ್ರ ಶುರು ಮಾಡಿದಷ್ಟೇ ನಿಧಾನದಲ್ಲಿರಬೇಕು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರೂ ತೊಡೆಯ ಮೇಲೆ ಬೀಳುವ ತಟ್ಟಿನ ಸದ್ದಿನಲ್ಲೇ ಯಾರ ತಾಳ ಓಡಿತು ಎಂದು ಹೇಳಿಬಿಡುತ್ತಾರೆ. ಒಂದು ವರ್ಣದಲ್ಲಿ ಮೂರೂ ಕಾಲವನ್ನು ನಿಲ್ಲಿಸಲು ವಾರಗಳೇ ಹಿಡಿಯುತ್ತವೆ, ಮತ್ತು ಅದನ್ನು ಎಲ್ಲರ ಮುಂದೆ ಮಾಡಬೇಕಾಗಿರುವುದರಿಂದ ಮಕ್ಕಳು ಮನೆಯಲ್ಲಿ ಮಾಡುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಾರೆ.

ಅದೇ ವರ್ಣ ಮಧ್ಯಾಹ್ನದ ಶಾಸ್ತ್ರದ ತರಗತಿಯಲ್ಲಿ ಬೇರೆ ಮುಖ ತೋರುತ್ತದೆ. ಭೈರವಿ 20ನೇ ಮೇಳವಾದ ನಠಭೈರವಿಯ ಜನ್ಯ, ಆ ಮೇಳದ ಧೈವತ ಶುದ್ಧ. ಆದರೆ ರಾಗ ಮೇಲೇರುವಾಗ ಚತುಶ್ರುತಿ ಧೈವತ ಬರುತ್ತದೆ, ಇಳಿಯುವಾಗ ಶುದ್ಧ ಧೈವತ. ಮಗು ಎಂಟು ವರ್ಷದಿಂದ ಗುರುಗಳು ಹಾಡಿದಂತೆ ಎರಡನ್ನೂ ಸರಿಯಾಗಿಯೇ ಹಾಡುತ್ತಿರುತ್ತದೆ, ಎರಡು ಬೇರೆ ಧೈವತ ಎಂಬ ಅರಿವಿಲ್ಲದೆ. ಅದು ತಿಳಿದ ದಿನದಿಂದ ಆಲಾಪನೆಯಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬ ವಿವೇಕ ಹುಟ್ಟುತ್ತದೆ. ಪಕ್ಕದ ತರಗತಿಯ ಹಿಂದೂಸ್ತಾನಿ ವಿದ್ಯಾರ್ಥಿ ಭೈರವಿ ಎಂದು ಹಾಡುವುದು ಬೇರೆಯೇ ರಾಗ, ನಮ್ಮ ಹನುಮತೋಡಿಯ ಸ್ವರಗಳಿಗೆ ಹತ್ತಿರವಾದದ್ದು. ಎರಡು ಪದ್ಧತಿಗಳೂ ಒಂದೇ ಸೂರಿನಡಿ ಬಾಳುವ ಕರ್ನಾಟಕದಲ್ಲಿ ಓದುವ ಭಾಗ್ಯ ಇದು. ಧಾರವಾಡದವರು ತ್ಯಾಗರಾಜರನ್ನೂ ಮೈಸೂರಿನವರು ಕಿರಾಣಾ ಘರಾಣೆಯನ್ನೂ ಕಿವಿಯಾರೆ ಕೇಳುವ ಅವಕಾಶ ಕ್ಯಾಂಪಸ್ಸಿನಲ್ಲೇ ಇದೆ.

ಶಾಸ್ತ್ರದ ಪಾಠ ಬಾಯಿಪಾಠವಾಗಿಬಿಡುತ್ತದೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಆದರೆ ಪಠ್ಯದಲ್ಲಿರುವ ವಿಷಯ ಬಡವಾಗಿಲ್ಲ. ಶಾರ್ಙ್ಗದೇವನ ಸಂಗೀತ ರತ್ನಾಕರ, 1550ರಲ್ಲಿ ವಿಜಯನಗರದ ರಾಮಾಮಾತ್ಯ ಬರೆದ ಸ್ವರಮೇಳಕಲಾನಿಧಿ, 72 ಮೇಳಗಳ ಲೆಕ್ಕ ಕೊಟ್ಟ ವೆಂಕಟಮಖಿಯ ಚತುರ್ದಂಡಿ ಪ್ರಕಾಶಿಕೆ. ವೆಂಕಟಮಖಿಯ ತಂದೆ, ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮೂಲದವರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿ. ನಾದಶಾಸ್ತ್ರದ ಪಾಠದಲ್ಲಿ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಒಂಟಿಯಾಗಿ ಮೀಟಿ ಕೇಳಿಸಿದಾಗ ಅದರೊಳಗಿಂದ ಗಾಂಧಾರ ಎದ್ದು ಬರುತ್ತದೆ. ಮೂಲದ ಐದರಷ್ಟು ಕಂಪನದ ಧ್ವನಿ ಅದು. ಬ್ರಿಡ್ಜಿನ ಮೇಲೆ ತಂತಿಯ ಕೆಳಗಿರುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಆ ಗಾಂಧಾರ ಮಂಕಾಗುತ್ತದೆ, ಮತ್ತೆ ಸರಿಸಿದರೆ ತುಂಬಿಕೊಳ್ಳುತ್ತದೆ. ಆ್ಯಪ್ ಶ್ರುತಿಯಲ್ಲಿ ಬೆಳೆದ ಮಕ್ಕಳು ಇದನ್ನು ಕೇಳಿ ಬೆರಗಾಗುತ್ತಾರೆ. ಮೂರು ವರ್ಷದಲ್ಲಿ ತಂಬೂರಿಯನ್ನು ತಾವೇ ಶ್ರುತಿ ಮಾಡುವುದೊಂದನ್ನೇ ಕಲಿತರೂ ಆ ಮಕ್ಕಳ ಕಿವಿ ಬೇರೆಯೇ ಆಗಿರುತ್ತದೆ.

“ದೊಡ್ಡ ವಿದ್ವಾಂಸರು ಯಾರು ಡಿಗ್ರಿ ಮಾಡಿದ್ದರು?” ಎಂಬ ಮಾತನ್ನು ಅಜ್ಜ–ಅಜ್ಜಿಯರು ತೆಗೆಯುತ್ತಾರೆ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಹೆಸರಾಗಿರುವ ಗಂಗೂಬಾಯಿ ಹಾನಗಲ್ಲರು ಕಲಿತದ್ದು ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮುಂದೆ ಕೂತು, ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು. ಅವರ ಬಳಿ ಪದವಿ ಇರಲಿಲ್ಲ. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಗೌರವ ಪ್ರಾಧ್ಯಾಪಕರಾಗಿ ಪಾಠ ಹೇಳಿದರು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿನ ಸಂಗೀತ ವಿಭಾಗದ ಗೌರವ ನಿರ್ದೇಶಕರಾಗಿದ್ದರು. ಮದರಾಸಿನಲ್ಲಿ 1949ರಲ್ಲಿ ಸಂಗೀತ ಕಾಲೇಜು ಆರಂಭವಾದಾಗ ಪ್ರಾಂಶುಪಾಲರಾದವರು ಮುಸಿರಿ ಸುಬ್ರಹ್ಮಣ್ಯ ಅಯ್ಯರ್. ಗುರುಮನೆಯಲ್ಲಿ ಬೆಳೆದವರೇ ಕಾಲೇಜಿನ ಬಾಗಿಲು ತೆರೆದು, ಗುರುವಿನ ಮನೆಯಲ್ಲಿ ಉಳಿಯಲಾಗದ ಮಕ್ಕಳಿಗೆ ದಾರಿ ಮಾಡಿಕೊಟ್ಟರು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಕಲಿತ ಎಷ್ಟೋ ಹೆಣ್ಣುಮಕ್ಕಳಿಗೆ ಈ ದಾರಿ ಇಲ್ಲದಿದ್ದರೆ ಸಂಗೀತವೇ ಇರುತ್ತಿರಲಿಲ್ಲ. ನನಗೆ ಈ ಕಾಲೇಜುಗಳ ಬಗ್ಗೆ ಇರುವ ಪ್ರೀತಿಗೆ ಮೊದಲ ಕಾರಣ ಅದು.

ಇನ್ನು ಹೊಟ್ಟೆಪಾಡು. ಕಛೇರಿಯೊಂದರಿಂದಲೇ ಸಂಸಾರ ನಡೆಸುವವರು ಕೆಲವೇ ಮಂದಿ, ಅದೂ ಹಲವು ವರ್ಷಗಳ ನಂತರ. ಸಂಗೀತ ಓದಿದ ಬಹುತೇಕರನ್ನು ಸಾಕುವುದು ಪಾಠ. ಮನೆಯ ಪಾಠ, ಶಾಲೆಯ ಕೆಲಸ, ಈಗ ಆನ್‌ಲೈನ್. ಅಮೆರಿಕದ ಕನ್ನಡ ಮನೆಗಳ ಸಂಜೆ ನಮ್ಮ ಬೆಳಗ್ಗೆಯಾದ್ದರಿಂದ ಅನೇಕ ಶಿಕ್ಷಕರ ದಿನ ನಸುಕಿನಲ್ಲೇ ಶುರುವಾಗುತ್ತದೆ. ಪದವಿಯ ಕಾಗದಕ್ಕೆ ನೇರ ಬೆಲೆ ಇರುವ ಕಡೆಗಳೂ ಇವೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ಹಂತದ ಸಂಗೀತ ಶಿಕ್ಷಕ ಹುದ್ದೆಗೆ ಸಂಗೀತದಲ್ಲಿ ಪದವಿ ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಬೇಕಾದರೆ ಎಂ.ಎ. ಅಥವಾ ಎಂ.ಪಿ.ಎ. ಮುಗಿಸಿ ಎನ್‌ಇಟಿ ಇಲ್ಲವೇ ಕೆ–ಸೆಟ್ ಪಾಸಾಗಬೇಕು, ಅದರ ಮೊದಲ ಮೆಟ್ಟಿಲು ಈ ಪದವಿ. ಆಕಾಶವಾಣಿಯ ಗ್ರೇಡಿಗೆ ಪದವಿ ಬೇಕಿಲ್ಲ, ಆಡಿಷನ್ನಿನಲ್ಲಿ ಗೆಲ್ಲಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿ ಕರೆಯುವ ಸಮಯವನ್ನು ಕಣ್ಣಿಟ್ಟು ನೋಡಿಕೊಳ್ಳಿ. ನಾಳೆ ಮನಸ್ಸು ಬದಲಾದರೂ ಬಾಗಿಲು ಮುಚ್ಚಿಹೋಗುವುದಿಲ್ಲ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಇದ್ದರೆ ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗೆ ಕೂರಬಹುದು, ಸಂಗೀತದ ಪದವಿಯೂ ಅದರಲ್ಲಿ ಸೇರಿದೆ.

ಕೋರ್ಸಿನ ಅವಧಿ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯನ್ನು ಬಿಟ್ಟು 2024–25ರಿಂದ ಸಾಮಾನ್ಯ ಪದವಿಗಳು ಮತ್ತೆ ಮೂರು ವರ್ಷಕ್ಕೆ ಬಂದಿವೆ. ಖಾಸಗಿ ಮತ್ತು ಹೊರರಾಜ್ಯದ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ ಇರಬಹುದು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಒಂದು ಸಾಮಾನ್ಯ ದಿನ, ಉತ್ಸವ–ಉದ್ಘಾಟನೆ ಇಲ್ಲದ ದಿನ, ಹೋಗಿ ಕಾರಿಡಾರಿನಲ್ಲಿ ಹದಿನೈದು ನಿಮಿಷ ನಿಂತುಕೊಳ್ಳಿ. ತರಗತಿಗಳಿಂದ ಹಾಡು ಕೇಳುತ್ತಿದೆಯೇ? ಪ್ರಾಯೋಗಿಕ ತರಗತಿಯಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆ? ಮೃದಂಗ ಅಥವಾ ತಬಲಾ ನುಡಿಸುವವರು ತರಗತಿಗೆ ಬರುತ್ತಾರೆಯೇ, ಅಥವಾ ಪರೀಕ್ಷೆಗೆ ಮಾತ್ರವೇ? ಪಾಠ ಹೇಳುವವರಲ್ಲಿ ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂದು ಕೇಳಲು ಸಂಕೋಚ ಬೇಡ. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮ ಶಿಕ್ಷಕರಿದ್ದಾರೆ. ಆದರೆ ವರ್ಷ ವರ್ಷ ಮುಖ ಬದಲಾದರೆ ಮಗುವಿನ ಬಾನಿ ಅಲುಗಾಡುತ್ತದೆ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಚಹಾಕ್ಕೆ ಕರೆದು ಕೇಳಿದರೆ ಪ್ರಾಸ್ಪೆಕ್ಟಸ್ಸಿನಲ್ಲಿ ಇಲ್ಲದ್ದೆಲ್ಲ ತಿಳಿಯುತ್ತದೆ.

ಮನೆಯಲ್ಲಿ ನೀವು ಕಾಯಬೇಕಾದದ್ದು ಸಾಧನೆಯ ಹೊತ್ತು. ಬೆಳಗಿನ ಒಂದೂವರೆ–ಎರಡು ಗಂಟೆ ಮಗು ಕೂತು ಹಾಡುವಾಗ ಬಾಗಿಲು ತಟ್ಟಿ ಅಂಗಡಿಗೆ ಕಳಿಸಬೇಡಿ, ಬಂದ ನೆಂಟರ ಮುಂದೆ ಒಂದು ದೇವರನಾಮ ಹಾಡು ಎಂದು ನಡುವೆ ಎಬ್ಬಿಸಬೇಡಿ. ಬಿ.ಕಾಂ. ಓದುವ ಅಣ್ಣನ ಟ್ಯೂಷನ್ನಿಗೆ ಕೊಡುವ ಮರ್ಯಾದೆಯನ್ನೇ ಇದಕ್ಕೂ ಕೊಡಿ. ಕಂಠದ ಬಗ್ಗೆ ಒಂದು ಮಾತು. ಗಂಡುಮಕ್ಕಳ ಧ್ವನಿ ಒಡೆದು ಕೆಲವು ವರ್ಷವಾಗಿದ್ದರೂ ಹದಿನೆಂಟರಲ್ಲಿ ಅದು ಇನ್ನೂ ಕೂರುತ್ತಿರುತ್ತದೆ. ಗೆಳೆಯ ಎರಡೂವರೆ ಮನೆ ಶ್ರುತಿಯಲ್ಲಿ ಹಾಡುತ್ತಾನೆ ಎಂದು ತಾನೂ ಶ್ರುತಿ ಏರಿಸಿಕೊಂಡು ಒತ್ತಿ ಹಾಡುವ ಹುಡುಗರನ್ನು ತಡೆಯಿರಿ. ಗಂಟಲು ಎರಡು–ಮೂರು ವಾರ ಕಟ್ಟಿಯೇ ಇದ್ದರೆ ಕಷಾಯದಲ್ಲಿ ಕಾಲ ಕಳೆಯದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಎರಡನೆಯ ವರ್ಷದಲ್ಲಿ ಅನೇಕ ಮಕ್ಕಳು ಕುಗ್ಗುತ್ತಾರೆ. ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗಿಗೆ ಇಲ್ಲಿ ತನಗಿಂತ ಚೆನ್ನಾಗಿ ಹಾಡುವ ಹತ್ತು ಮಂದಿ ಕಾಣುತ್ತಾರೆ, ಕಲ್ಪನಾಸ್ವರ ಶುರುವಾಗಿ ಬಾಯಿ ಕಟ್ಟುತ್ತದೆ, ಓದು ಬಿಡುತ್ತೇನೆ ಎಂಬ ಮಾತು ಊಟದ ಹೊತ್ತಿಗೆ ಬರುತ್ತದೆ. ಆ ರಾತ್ರಿಯೇ ತೀರ್ಮಾನ ಮಾಡಬೇಡಿ, “ಆಗಲೇ ಹೇಳಿರಲಿಲ್ಲವಾ” ಎಂಬ ಮಾತಂತೂ ಬೇಡವೇ ಬೇಡ. ಮೊದಲಿನಿಂದ ಪಾಠ ಹೇಳಿದ ಗುರುಗಳ ಬಳಿ ಮಗುವನ್ನು ಕರೆದುಕೊಂಡು ಹೋಗಿ, ಅರ್ಧ ಗಂಟೆ ಹಾಡಿಸಿ ಕೇಳಲು ಬೇಡಿಕೊಳ್ಳಿ. ಅಂಕಪಟ್ಟಿಯಲ್ಲಿ ಕಾಣದ ಬೆಳವಣಿಗೆ ಅವರಿಗೆ ಕೇಳಿಸುತ್ತದೆ, ನಿಜವಾದ ತೊಡಕಿದ್ದರೆ ಅದೂ ತಿಳಿಯುತ್ತದೆ. ಅವರು ಮುಂದುವರಿಯಲಿ ಎಂದರೆ ಇನ್ನೊಂದು ಸೆಮಿಸ್ಟರ್ ನೋಡಿ. ಬೇಡ ಎಂದರೆ ಬಿ.ಎ.ಗೆ ವರ್ಗಾವಣೆ ಸಾಧ್ಯವೇ ಎಂದು ಆ ವಾರದಲ್ಲೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ವಿಶ್ವವಿದ್ಯಾಲಯ ಕೊಡುವ ಗಡುವು ಮುಗಿದರೆ ಒಂದು ವರ್ಷ ಕೈತಪ್ಪುತ್ತದೆ.