ಎಕ್ಸ್‌ಎಂಎಲ್ ಎಂಬ ಮಡಿ ಅಜ್ಜಿ

"ಮಾವ, ಈ ಕಾಲದಲ್ಲೂ ಎಕ್ಸ್‌ಎಂಎಲ್ ಕಳಿಸ್ತಾರಲ್ಲ, ಇವರಿಗೆ ಜೇಸನ್ ಗೊತ್ತಿಲ್ವಾ?" ಅಂತ ಮೊನ್ನೆ ಫೋನಿನಲ್ಲಿ ರೇಗಿದೆಯಲ್ಲ, ಆಮೇಲೆ ಅದನ್ನೇ ಯೋಚಿಸುತ್ತಿದ್ದೆ. ನಿನ್ನ ಸಿಟ್ಟು ಸುಳ್ಳಲ್ಲ. ಇವತ್ತು ಎರಡು ಪ್ರೋಗ್ರಾಂಗಳ ನಡುವೆ ಹೊಸದಾಗಿ ಮಾತು ಕೂಡಿಸು ಅಂದರೆ ನಾನೂ ಜೇಸನ್ನೇ ಹಿಡಿಯುವವನು. ಆದರೆ ಎಕ್ಸ್‌ಎಂಎಲ್ ನಾವು ಕರೆದು ಬರುವುದಲ್ಲ ಕಣಮ್ಮ. ದೂರದ ನೆಂಟರ ಹಾಗೆ ಬ್ಯಾಗು ಹಿಡಿದು ಬಾಗಿಲಿಗೇ ಬಂದು ನಿಲ್ಲುತ್ತದೆ. ಈಗ ಬ್ಯಾಂಕಿನವರ ಕಡೆಯಿಂದ ಬಂದಿದೆ, ಅಷ್ಟೆ. ಒಳಗೆ ಕರೆದು ಕೂರಿಸುವ ರೀತಿ ಗೊತ್ತಿದ್ದರೆ ಸಾಕು.

ಇದು ಬೇರೆಲ್ಲೂ ಇಲ್ಲ ಅಂದುಕೊಂಡಿದ್ದರೆ ಒಂದು ಕೆಲಸ ಮಾಡು. ಯಾವುದಾದರೂ ಎಕ್ಸೆಲ್ ಫೈಲಿನ ಕಾಪಿ ತೆಗೆದು, ಹೆಸರಿನ ಬಾಲದಲ್ಲಿರುವ ಎಕ್ಸ್‌ಎಲ್‌ಎಸ್‌ಎಕ್ಸ್ ಅಳಿಸಿ ಜಿಪ್ ಅಂತ ಹಾಕಿ ಬಿಚ್ಚು. ಒಳಗೆ ಶೀಟಿಗೊಂದರಂತೆ ಎಕ್ಸ್‌ಎಂಎಲ್ ಫೈಲುಗಳು ಕೂತಿರುತ್ತವೆ. ವರ್ಡ್ ಫೈಲೂ ಹಾಗೇ. ಹೋಟೆಲಿನಲ್ಲಿ ಕಾಫಿ ಕುಡಿದು ಸ್ಕ್ಯಾನ್ ಮಾಡುತ್ತೀಯಲ್ಲ, ಆಗ ಬ್ಯಾಂಕಿಗೂ ಯುಪಿಐ ನಡೆಸುವ ಎನ್‌ಪಿಸಿಐಗೂ ನಡುವೆ ಓಡಾಡುವ ಯುಪಿಐ ಸಂದೇಶ ಎಕ್ಸ್‌ಎಂಎಲ್. ಆಧಾರ್‌ನ ಪೇಪರ್‌ಲೆಸ್ ಆಫ್‌ಲೈನ್ ಇ-ಕೆವೈಸಿ ಅಂದರೆ ಡಿಜಿಟಲ್ ಸಹಿ ಹಾಕಿದ ಒಂದು ಎಕ್ಸ್‌ಎಂಎಲ್ ಫೈಲು. ನೀನು ಕೇಳುವ ಪಾಡ್‌ಕಾಸ್ಟಿನ ಆರ್‌ಎಸ್‌ಎಸ್ ಫೀಡ್, ಗೂಗಲ್‌ಗೆ ಕೊಡುವ ಸೈಟ್‌ಮ್ಯಾಪ್, ಪುಟದಲ್ಲಿ ಹೊಳೆಯುವ ಎಸ್‌ವಿಜಿ ಐಕಾನ್ ಎಲ್ಲ ಅದೇ ಬಳಗ. ಆಂಡ್ರಾಯ್ಡ್ ಆ್ಯಪ್ ಕನ್ನಡದಲ್ಲಿ ಕಾಣಬೇಕಾದರೆ ಆ ಮಾತುಗಳನ್ನು ಬರೆದಿಡುವುದೂ ಒಂದು ಎಕ್ಸ್‌ಎಂಎಲ್ ಫೈಲಿನಲ್ಲೇ.

ಇದರ ಸ್ವಭಾವ ಮೊದಲು ತಿಳಿದುಕೋ. ಎಚ್‌ಟಿಎಂಎಲ್‌ನಲ್ಲಿ ಒಂದು ಟ್ಯಾಗು ಮುಚ್ಚದಿದ್ದರೂ ಬ್ರೌಸರ್ ಹೇಗೋ ಸುಧಾರಿಸಿಕೊಂಡು ಪುಟ ತೋರಿಸುತ್ತದೆ. ಎಕ್ಸ್‌ಎಂಎಲ್ ಹಾಗಲ್ಲ, ನಮ್ಮ ಅಜ್ಜಿಯ ಮಡಿ. ಒಂದು ಬೆರಳು ತಾಗಿದರೂ ಅಡುಗೆಯೆಲ್ಲ ಮೈಲಿಗೆ. ಗುರುತುಗಳ ಹೊಂದಿಕೆ ತಪ್ಪಿದರೆ ಅದನ್ನು ಓದುವ ಪ್ರೋಗ್ರಾಂ, ಅಂದರೆ ಪಾರ್ಸರ್, ಅಲ್ಲಿಗೇ ಕೈಬಿಡಬೇಕು, ಊಹಿಸಿ ಮುಂದುವರಿಯಬಾರದು ಅಂತ 1998ರ ಫೆಬ್ರವರಿಯಲ್ಲಿ ವೆಬ್ಬಿನ ಕಟ್ಟಳೆ ಬರೆಯುವ ಡಬ್ಲ್ಯು3ಸಿ ಹೊರತಂದ ಮೊದಲ ಆವೃತ್ತಿಯಲ್ಲೇ ಬರೆದಿದೆ. ಮೊದಮೊದಲು ನನಗೂ ಇದು ಅತಿ ಅನ್ನಿಸಿತ್ತು. ದುಡ್ಡಿನ ಫೈಲುಗಳ ಜತೆ ಏಗಿದ ಮೇಲೆ ಅನ್ನಿಸುವುದಿಲ್ಲ. ಅರ್ಧ ಓದಿ ಉಳಿದದ್ದನ್ನು ಊಹಿಸುವ ಗುಮಾಸ್ತನಿಗಿಂತ, ಓದಲಾಗಲಿಲ್ಲ ಅಂತ ವಾಪಸು ಕೊಡುವವನೇ ವಾಸಿ.

ಆ ಮಡಿಯ ಬಿಸಿ ನನಗೆ ತಟ್ಟಿದ್ದು ಒಂದು ಅಂಗಡಿಯ ಹೆಸರಿನಿಂದ. ಆಗ ನಾನಿದ್ದ ಕಂಪನಿಯಲ್ಲಿ ಡೀಲರುಗಳ ಬಿಲ್ಲುಗಳನ್ನೆಲ್ಲ ರಾತ್ರಿ ಒಂದೇ ಎಕ್ಸ್‌ಎಂಎಲ್ ಫೈಲು ಮಾಡಿ ಲೆಕ್ಕದ ಸಾಫ್ಟ್‌ವೇರಿಗೆ ಕಳಿಸುತ್ತಿದ್ದೆವು. ಟ್ಯಾಗು, ಹೆಸರು, ಮತ್ತೆ ಟ್ಯಾಗು ಅಂತ ಸ್ಟ್ರಿಂಗ್ ಪೋಣಿಸಿ ಆ ಫೈಲು ಕಟ್ಟುವ ಕೋಡು ನನ್ನದೇ. ವರ್ಷವಿಡೀ ಓಡಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಒಂದು ಬಿಲ್ಲೂ ಏರಿಲ್ಲ. ಹಿಂದಿನ ದಿನ ಸೇರಿದ ಹೊಸ ಡೀಲರ ಅಂಗಡಿಯ ಹೆಸರಿನ ಕೊನೆಯಲ್ಲಿ '& ಸನ್ಸ್' ಅಂತಿತ್ತು. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆ ಕಂಡರೆ ಪಾರ್ಸರ್ ಅದನ್ನು ಒಂದು ಎಂಟಿಟಿಯ ಶುರು ಅಂದುಕೊಂಡು, ಮುಂದೆ ಒಂದು ಹೆಸರು, ಕೊನೆಗೆ ಸೆಮಿಕೋಲನ್ ಹುಡುಕುತ್ತದೆ. ಸಿಗಲಿಲ್ಲ, ಕೈಬಿಟ್ಟಿತು. ಒಬ್ಬನ ಮಗಂದಿರಿಂದ ಊರವರ ಬಿಲ್ಲೆಲ್ಲ ನಿಂತಿತು.

ಅವಸರದಲ್ಲಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಆ ಚಿಹ್ನೆ ಇರುವಲ್ಲೆಲ್ಲ '&ಎಎಂಪಿ;' ಅಂತ ಬದಲಿಸುವ ಒಂದು ಸಾಲು ಹಾಕಿದೆ (ಎಎಂಪಿ ಅನ್ನುವ ಮೂರು ಅಕ್ಷರ ಇಂಗ್ಲಿಷಿನಲ್ಲಿ). ಬಿಲ್ಲುಗಳು ಏರಿದವು, ನಾನು ಊಟಕ್ಕೆ ಹೋದೆ. ಬೇರೊಂದು ಕಡೆಯಿಂದ ಬರುತ್ತಿದ್ದ ಹೆಸರುಗಳು ಆಗಲೇ ಹಾಗೆ ಬದಲಾಗಿಯೇ ಬರುತ್ತಿದ್ದವು ಅನ್ನುವುದು ನನಗೆ ಗೊತ್ತಿರಲಿಲ್ಲ. ನನ್ನ ಸಾಲು ಅವನ್ನು ಎರಡನೇ ಸಲ ಬದಲಿಸಿತು. ಮುಂದಿನ ವಾರ ಅಚ್ಚಾದ ಬಿಲ್ಲುಗಳ ಮೇಲೆ ಅಂಗಡಿ ಹೆಸರಿನ ನಡುವೆ ಆ ಎಎಂಪಿ, ಸೆಮಿಕೋಲನ್ ಸಮೇತ. ಡೀಲರೊಬ್ಬರು ಫೋನು ಮಾಡಿ "ಇದ್ಯಾರ್ರೀ ಹೊಸ ಪಾಲುದಾರ?" ಅಂತ ಕೇಳಿದರು.

ಅವತ್ತಿನಿಂದ ಎಕ್ಸ್‌ಎಂಎಲ್ ಅನ್ನು ಕೈಯಿಂದ ಪೋಣಿಸಿಲ್ಲ. ಬರೆಯಲಿಕ್ಕೆ ಲೈಬ್ರರಿ, ಓದಲಿಕ್ಕೂ ಲೈಬ್ರರಿ. ನೀನು ರೆಜೆಕ್ಸ್ ಹಾಕಿ ಟ್ಯಾಗಿನ ಒಳಗಿನದನ್ನು ಕಿತ್ತು ತೆಗೆಯುತ್ತಿದ್ದೀಯ ಅಂತ ನಿನ್ನ ಮಾತಿನಲ್ಲೇ ಗೊತ್ತಾಯಿತು. ನಿಲ್ಲಿಸು.

ಕನ್ನಡ ಬಂದರೆ ಇನ್ನೊಂದು ಪೇಚು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. 'ಬೆಂಗಳೂರು' ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರಿಗೆ ಎತ್ವ, ಸೊನ್ನೆ, ಕೊಂಬು ಎಲ್ಲ ಬೇರೆ ಬೇರೆ, ಒಟ್ಟು 8 ಚಿಹ್ನೆ, 24 ಬೈಟು. ಹಳೆಯ ಡೇಟಾಬೇಸಿನಲ್ಲಿ ಊರಿನ ಹೆಸರಿಗೆ 20 ಬೈಟು ಅಂತ ಕತ್ತರಿ ಹಾಕಿದ್ದರೆ, 'ಬೆಂಗಳೂ' ಆದ ಮೇಲೆ 'ರ'ದ ಮೂರು ಬೈಟಿನಲ್ಲಿ ಎರಡು ಮಾತ್ರ ಒಳಗೆ ಬರುತ್ತವೆ. ಆ ಮುರುಕು ಅಕ್ಷರ ಎಕ್ಸ್‌ಎಂಎಲ್ ಒಳಗೆ ಸೇರಿದರೆ ಇಡೀ ಫೈಲು ತಿರಸ್ಕಾರ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳದ್ದು ಇದಕ್ಕೆ ಉಲ್ಟಾ. ಅದರ ಒಳಗಿರುವುದು ಲ್ಯಾಟಿನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ, ಫಾಂಟು ಹಾಕಿದಾಗ ಮಾತ್ರ ಕನ್ನಡ. ಯುನಿಕೋಡಿಗೆ ಬದಲಿಸದೆ ತುಂಬಿದರೆ ಪಾರ್ಸರ್ ಚಕಾರ ಎತ್ತದೆ ಒಪ್ಪಿಕೊಳ್ಳಬಹುದು, ಓದುವವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಮಡಿ ಇದ್ದ ಮಾತ್ರಕ್ಕೆ ರುಚಿ ಇರಬೇಕೆಂದಿಲ್ಲವಲ್ಲ. (ಟ್ಯಾಗಿನ ಹೆಸರನ್ನೇ ಕನ್ನಡದಲ್ಲಿ ಇಡಬಹುದು ಗೊತ್ತಾ? 'ಗ್ರಾಹಕ', 'ಮೊತ್ತ' ಅಂತ ಬರೆದರೂ ನಿಯಮಕ್ಕೆ ಸರಿ. ಆಫೀಸಿನಲ್ಲಿ ಯಾರೂ ಒಪ್ಪುವುದಿಲ್ಲ, ಅದು ಬೇರೆ.)

ನೇಮ್‌ಸ್ಪೇಸ್ ಎಲ್ಲರನ್ನೂ ಒಂದು ಮಧ್ಯಾಹ್ನ ಅಳಿಸಿಯೇ ತೀರುತ್ತದೆ. ಸೈಟ್‌ಮ್ಯಾಪ್ ಓದಲು ಕೂತು, ಯುಆರ್‌ಎಲ್ ಟ್ಯಾಗುಗಳನ್ನೆಲ್ಲ ಕೊಡು ಅಂತ ಎಕ್ಸ್‌ಪಾತ್‌ನಲ್ಲಿ ಕೇಳುತ್ತೀಯ. ಕಣ್ಣೆದುರಿಗೆ ಸಾಲಾಗಿ ಕಾಣುತ್ತಿವೆ, ಉತ್ತರ ಮಾತ್ರ ಸೊನ್ನೆ. ಕಾರಣ ಇಷ್ಟೇ. ಫೈಲಿನ ಮೊದಲ ಟ್ಯಾಗಿನಲ್ಲಿ ಒಂದು ನೇಮ್‌ಸ್ಪೇಸ್ ವಿಳಾಸ ಇರುತ್ತದೆ. ಇನಿಷಿಯಲ್ಲನ್ನು ಮನೆಯ ಬಾಗಿಲಿಗೆ ಒಂದೇ ಸಲ ಬರೆದು, ಒಳಗಿನವರೆಲ್ಲರಿಗೂ ಅದೇ ಅಂದ ಹಾಗೆ. ಒಳಗಿನ ಟ್ಯಾಗುಗಳು ಬರಿಯ ಹೆಸರಿನಂತೆ ಕಂಡರೂ ಅವಕ್ಕೆ ಆ ಇನಿಷಿಯಲ್ ಅಂಟಿರುತ್ತದೆ, ನೀನು ಅದಿಲ್ಲದೆ ಕೂಗಿದರೆ ಯಾರೂ ಓಗೊಡುವುದಿಲ್ಲ. ಆ ವಿಳಾಸಕ್ಕೊಂದು ಚಿಕ್ಕ ಹೆಸರು ಕೊಟ್ಟು, ಅದನ್ನು ಮುಂದಿಟ್ಟು ಕೇಳು. ಸೈಟ್‌ಮ್ಯಾಪ್ ನೀನೇ ತಯಾರಿಸುವಾಗ ಒಂದು ಫೈಲಿಗೆ 50,000 ಕೊಂಡಿಗಳ ಮಿತಿ ಇದೆ ಅನ್ನುವುದೂ ನೆನಪಿರಲಿ.

ಡಿಜಿಟಲ್ ಸಹಿ ಇರುವ ಎಕ್ಸ್‌ಎಂಎಲ್ ಬಂದರೆ ಕೈ ಕಟ್ಟಿಕೊಂಡು ಕೂರು. ನೋಡಲಿಕ್ಕೆ ಚೆಂದ ಇರಲಿ ಅಂತ ಸಾಲು ಮುರಿದು, ಸ್ಪೇಸ್ ಕೊಟ್ಟು ಉಳಿಸಿದರೆ ಸಹಿ ತಾಳೆಯಾಗುವುದಿಲ್ಲ. ಟ್ಯಾಗುಗಳ ನಡುವಿನ ಖಾಲಿ ಜಾಗವೂ ಸಹಿಯ ಲೆಕ್ಕದಲ್ಲಿದೆ. ಬಂದ ಫೈಲನ್ನು ಬಂದ ಹಾಗೆಯೇ ಎತ್ತಿಟ್ಟು, ಮೊದಲು ಸಹಿ ಪರೀಕ್ಷಿಸಿ, ಆಮೇಲೆ ಅದರ ನಕಲನ್ನು ಬೇಕಾದರೆ ಅಲಂಕರಿಸು.

ಇನ್ನು ಭಯಪಡಲೇಬೇಕಾದದ್ದು. ಎಕ್ಸ್‌ಎಂಎಲ್ ಫೈಲಿನ ತಲೆಯಲ್ಲಿ ಡಾಕ್‌ಟೈಪ್ ಬರೆದು, ಅದರೊಳಗೆ ಎಂಟಿಟಿ ಹೆಸರಿನಲ್ಲಿ 'ಈ ಜಾಗದಲ್ಲಿ ಸರ್ವರಿನ ಆ ಫೈಲು ತಂದು ಹಾಕು' ಅಂತ ಹೇಳಬಹುದು. ಪಾರ್ಸರ್ ವಿಧೇಯವಾಗಿದ್ದರೆ ತಂದೂ ಹಾಕುತ್ತದೆ. ಇದಕ್ಕೆ ಎಕ್ಸ್‌ಎಕ್ಸ್‌ಇ ಅಂತ ಹೆಸರು. ವೆಬ್ ಸುರಕ್ಷತೆ ನೋಡುವ ಓವಾಸ್ಪ್‌ನವರು 2017ರಲ್ಲಿ ಮಾಡಿದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಇದು ನಾಲ್ಕನೆಯದು. ಇದರ ತಮ್ಮ 'ಬಿಲಿಯನ್ ಲಾಫ್ಸ್'. ಒಂದು ಎಂಟಿಟಿಯೊಳಗೆ ಹತ್ತು, ಆ ಒಂದೊಂದರೊಳಗೆ ಮತ್ತೆ ಹತ್ತು ಅಂತ ಸುತ್ತಿಟ್ಟ ಒಂದು ಕಿಲೋಬೈಟೂ ಇಲ್ಲದ ಫೈಲು, ಬಿಚ್ಚುತ್ತ ಹೋದರೆ 3 ಜಿಬಿಯಷ್ಟು ಮೆಮೊರಿ ನುಂಗುತ್ತದೆ. ಹೊರಗಿನಿಂದ ಬರುವ ಫೈಲಿಗೆ ಡಾಕ್‌ಟೈಪ್ ಬೇಡ ಅಂತ ಪಾರ್ಸರಿಗೆ ಬಾಯಿಬಿಟ್ಟು ಹೇಳು. ನಿಮ್ಮದು ಜಾವಾ ಅಂದೆಯಲ್ಲ, ಅದರಲ್ಲಿ ಇದನ್ನು ನಾವೇ ಸೆಟ್ ಮಾಡಬೇಕು, ತಾನಾಗಿ ಆಗಿರುತ್ತದೆ ಅಂತ ನಂಬಬೇಡ. ಪ್ರೊಫೈಲ್ ಫೋಟೋ ಅಂತ ಯಾರೋ ಎಸ್‌ವಿಜಿ ಏರಿಸಿದರೆ ಅದೂ ಎಕ್ಸ್‌ಎಂಎಲ್ಲೇ, ಒಳಗೆ ಸ್ಕ್ರಿಪ್ಟ್ ಕೂಡ ಇರಬಹುದು. ಫೋಟೋಗೆ ಜೆಪೆಗ್, ಪಿಎನ್‌ಜಿ ಸಾಕು ಅಂದುಬಿಡು.

ಬ್ಯಾಂಕಿನವರು 80 ಪುಟದ ಪಿಡಿಎಫ್ ಕೊಟ್ಟಿದ್ದಾರೆ, ಓದಿ ಓದಿ ಕಣ್ಣು ನೋಯುತ್ತಿದೆ ಅಂದೆ. ಅವರ ಹತ್ತಿರ ಎಕ್ಸ್‌ಎಸ್‌ಡಿ ಇದೆಯಾ ಕೇಳು. ಯಾವ ಟ್ಯಾಗು ಕಡ್ಡಾಯ, ಯಾವುದು ಎಷ್ಟು ಸಲ ಬರಬಹುದು, ದಿನಾಂಕ ಯಾವ ರೂಪದಲ್ಲಿ ಅನ್ನುವುದೆಲ್ಲ ಅದರಲ್ಲಿ ಕಂಪ್ಯೂಟರ್ ಓದುವ ಹಾಗೆ ಬರೆದಿರುತ್ತದೆ. ನಿನ್ನ ಫೈಲನ್ನು ಕಳಿಸುವ ಮೊದಲೇ ಅದರ ಎದುರು ಹಿಡಿದು ನೋಡಬಹುದು, ಜಾವಾದ ಕ್ಲಾಸುಗಳನ್ನೂ ಅದರಿಂದಲೇ ಹುಟ್ಟಿಸಬಹುದು. ಪಿಡಿಎಫ್ ಒಂದು ಹೇಳಿ ಎಕ್ಸ್‌ಎಸ್‌ಡಿ ಇನ್ನೊಂದು ಹೇಳಿದರೆ ಯಾವುದು ಸರಿ ಅಂತ ಇಮೇಲಿನಲ್ಲಿ ಬರೆಸಿಕೋ, ಬಾಯಿಮಾತು ಬೇಡ. ಶನಿವಾರ ಬರುವಾಗ ಆ ಎಕ್ಸ್‌ಎಸ್‌ಡಿ ತಾ. ಅತ್ತೆ ನಿನಗೆ ಅಕ್ಕಿ ರೊಟ್ಟಿ ಮಾಡ್ತೀನಿ ಅಂದಿದ್ದಾಳೆ, ತಿಂದು ಕೂತು ನೋಡೋಣ.