ಬಾಯಿಯ ದುರ್ವಾಸನೆ: ತಿಳಿದ ಕಾರಣಗಳು, ತಿಳಿಯದ ಕಾರಣಗಳು

ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಕಾಯಿಕೊರಕ ಇವುಗಳ ವಿಷಯ ಈ ಪತ್ರಿಕೆಯಲ್ಲಿ ಸಾಕಷ್ಟು ಬಂದಿದೆ. ಬೆಳೆಗಾರನ ಬಾಯಿಯ ವಿಷಯ ಬಂದದ್ದು ಕಡಿಮೆ. ಬಾಯಿ ನಾರುವವನಿಗೆ ಅದು ತಿಳಿಯುವುದಿಲ್ಲ. ತಿಳಿದ ನೆರೆಯವರು ದಾಕ್ಷಿಣ್ಯಕ್ಕೆ ಹೇಳುವುದಿಲ್ಲ.

ಹೊಟ್ಟೆ ಕೆಟ್ಟಿದ್ದರಿಂದಲೇ ವಾಸನೆಯೆಂದು ಭೇದಿಗೆ ಔಷಧಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲುಂಟು. ಇದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಹತ್ತರಲ್ಲಿ ಎಂಟು-ಒಂಬತ್ತು ಜನರಲ್ಲಿ ವಾಸನೆ ಹುಟ್ಟುವುದು ಬಾಯಿಯಲ್ಲಿಯೇ. ನಾಲಿಗೆಯ ಹಿಂಭಾಗ, ಹಲ್ಲುಸಂದಿ, ಒಸಡಿನ ಅಡಿ, ಇಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಪ್ರೋಟೀನನ್ನು ಕೊಳೆಸಿ ಗಂಧಕಯುಕ್ತ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲೊಂದು. ಹಲ್ಲುಜ್ಜಿ ನಾಲಿಗೆಯನ್ನು ಬಿಟ್ಟರೆ ಅರ್ಧ ಕೆಲಸವಾದಂತೆ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡಬೇಕು.

ಬಾಯಿಯನ್ನು ತೊಳೆಯುವ ನಿತ್ಯದ ನೀರು ಜೊಲ್ಲು. ನಿದ್ರೆಯಲ್ಲಿ ಅದು ಕಡಿಮೆಯಾಗುವುದರಿಂದಲೇ ಬೆಳಗಿನ ವಾಸನೆ. ಬಾಯಿ ತೆರೆದು ಮಲಗುವವರಿಗೆ, ಉಪವಾಸವಿರುವವರಿಗೆ, ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವವರಿಗೆ ಇದು ಹೆಚ್ಚು. ರಕ್ತದೊತ್ತಡಕ್ಕೆಂದು ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ನೆಗಡಿ-ಅಲರ್ಜಿಯ ಕೆಲವು ಮಾತ್ರೆಗಳು ಸಹ ಬಾಯಿ ಒಣಗಿಸುತ್ತವೆ. ಇದು ಅನೇಕರಿಗೆ ತಿಳಿಯದು. ಮಾತ್ರೆ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಬೆಳ್ಳುಳ್ಳಿಯ ಕಥೆ ಬೇರೆ. ಅದರ ಒಂದು ಗಂಧಕಾಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಎಷ್ಟು ಬಾಯಿ ಮುಕ್ಕಳಿಸಿದರೂ ಮರುದಿನದವರೆಗೆ ಉಳಿಯುವುದು ಇದರಿಂದ.

ಇನ್ನು ನಮ್ಮದೇ ಬೆಳೆಯ ಮಾತು. ಅಡಿಕೆ ಪತ್ರಿಕೆಯಲ್ಲಿ ಇದೇಕೆಂದು ಕೆಲವರು ಕೇಳಿಯಾರು. ನಾವಲ್ಲದೆ ಮತ್ತಾರು ಹೇಳಬೇಕು? ತಾಂಬೂಲವನ್ನು ನಮ್ಮ ಹಿರಿಯರು ಮುಖವಾಸವೆಂದೇ ಬಳಸಿದರು. ಲವಂಗ, ಏಲಕ್ಕಿಗಳ ಪರಿಮಳ ವಾಸನೆಯನ್ನು ಮುಚ್ಚೀತು, ಕಾರಣವನ್ನು ತೆಗೆಯದು. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಂಥ ಕಬ್ಬಿನ ಸೀಮೆಯಲ್ಲಿ ಎಲಿ-ಅಡಿಕಿಯ ಜೊತೆಗೆ ಸುಣ್ಣ ಹಚ್ಚಿ ತಿಕ್ಕಿದ ತಂಬಾಕೂ ಬಾಯಿಗೆ ಬೀಳುತ್ತದೆ. ಮಹಾರಾಷ್ಟ್ರದ ಗಡಿಯ ಕಡೆ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವವರೂ ಉಂಟು. ತಂಬಾಕಿನಿಂದ ಒಸಡು ಕೆಡುತ್ತದೆ. ಅಡಿಕೆಯನ್ನು ಸದಾ ಅಗಿಯುವವರಲ್ಲಿ ಕೆನ್ನೆಯ ಒಳಚರ್ಮ ಬಿಳಿಚಿ ಗಡುಸಾಗಿ, ಖಾರ ತಾಗಿದರೆ ಉರಿದು, ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರಬಹುದು. ಬಾಯಿ ತೆರೆಯದಿದ್ದರೆ ಹಿಂದಿನ ಹಲ್ಲುಗಳನ್ನು ಉಜ್ಜುವುದೆಂತು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಹೊರತಂದ ಗ್ರಂಥದಲ್ಲಿ ಅಡಿಕೆಯನ್ನು ತಂಬಾಕಿಲ್ಲದಿದ್ದರೂ ಕ್ಯಾನ್ಸರ್‌ಕಾರಕವೆಂದಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈ ಮಾತು ನಮ್ಮ ಧಾರಣೆಗೆ ಹಿತವಲ್ಲ, ನಿಜ. ಆದರೂ ಬೆಳೆಯುವವನು ಮಾರುವ ಹಕ್ಕಿಗೆ ಹೋರಾಡುತ್ತಲೇ ತನ್ನ ಆಳುಕಾಳುಗಳ ಬಾಯಿಯನ್ನೂ ನೋಡಬಹುದು.

ಅಪರೂಪದ ಕಾರಣಗಳನ್ನೂ ಹೇಳಬೇಕು. ಟಾನ್ಸಿಲ್‌ನ ಗುಳಿಗಳಲ್ಲಿ ಬೆಳ್ಳಗಿನ ಸಣ್ಣ ಹರಳುಗಳು ಕಟ್ಟಿಕೊಂಡು ನಾರುತ್ತವೆ. ಹಳೆಯ ಸೈನಸ್ ತೊಂದರೆಯೂ ಹೀಗೆಯೇ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಮೂಗಿನಲ್ಲಿ ಶೇಂಗಾ ಬೀಜವೋ ಅಡಿಕೆಯ ಚೂರೋ ಸಿಕ್ಕಿರಬಹುದು. ಕಡ್ಡಿ ಹಾಕಿ ಕೆದಕದೆ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ಕಾಯಿಲೆಯವರ ಉಸಿರು ಮಾಗಿದ ಹಣ್ಣಿನಂತೆ ವಾಸನೆ ಬಂದು, ವಾಂತಿ, ಸುಸ್ತು ಕಂಡರೆ ತಡಮಾಡುವ ಹೊತ್ತಲ್ಲ. ಮೂತ್ರಪಿಂಡ ಸೋತವರಲ್ಲಿ ಅಮೋನಿಯಾದ ವಾಸನೆ ಬರುತ್ತದೆ. ವಾಸನೆಯೇ ಇಲ್ಲದೆ ಇದೆಯೆಂದು ಕೊರಗಿ ಸಭೆ-ಸಮಾರಂಭ ಬಿಡುವವರೂ ಉಂಟು. ಮನೆಯವರನ್ನು ಕೇಳಿ ಸಂಶಯ ಕಳೆದುಕೊಳ್ಳುವುದು ಮೇಲು.

ಎಲೆಯಡಿಕೆ ಹಾಕುವ ಸದಸ್ಯರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಲ್ಲಲಿ. ತಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಅಥವಾ ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ದಂತವೈದ್ಯರಲ್ಲಿಗೆ ಹೋಗಲಿ. ಬಾಗಲಕೋಟೆಯಲ್ಲಿಯೂ ಧಾರವಾಡದಲ್ಲಿಯೂ ದಂತ ವೈದ್ಯಕೀಯ ಕಾಲೇಜುಗಳಿವೆ.